ನಡುಗದ ಕಂಬ

ಅಪ್ಪ ಫಿಟ್ಟರ್ ಆಗಿದ್ದವರು. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ನಮ್ಮ ಗ್ಯಾರೇಜಿನಲ್ಲಿ ಸ್ಕೂಟರಿಗೆ ಜಾಗವಿಲ್ಲ. ವೈಸು, ಅರ, ಹ್ಯಾಕ್ಸಾಗಳದ್ದೇ ಸಂಸಾರ. ಆದರೆ ಎರಡು ವರ್ಷದಿಂದ ಅವರ ಬಲಗೈ ನಡುಗುತ್ತಿದೆ. ಕೈಯಲ್ಲಿ ಹಿಡಿಯುವ ಡ್ರಿಲ್ಲಿನಲ್ಲಿ ತೂತು ನೆಟ್ಟಗೆ ಬೀಳುವುದಿಲ್ಲ. ಅದನ್ನು ಅವರು ಹೇಳಲಿಲ್ಲ, ಡ್ರಿಲ್ಲನ್ನು ಸುಮ್ಮನೆ ಅಟ್ಟಕ್ಕೆ ಹಾಕಿದರು. ಬೆಂಚಿನ ಮೇಲೆ ಕೂರಿಸುವ ಡ್ರಿಲ್ ಕೊಡಿಸೋಣವೆಂದು ಅವರನ್ನು ಎಸ್.ಪಿ. ರಸ್ತೆಗೆ ಹೊರಡಿಸಿದೆ.

ಅಂಗಡಿಯವರು ಶುರು ಮಾಡುವುದೇ ಮೋಟಾರಿನಿಂದ. 13 ಮಿ.ಮೀ. ಚಕ್ಕಿನ ಮನೆಬಳಕೆಯ ಯಂತ್ರಕ್ಕೆ ಅರ್ಧ ಎಚ್‌ಪಿ ಸಾಕು. ಮೋಟಾರು ಸುಟ್ಟರೆ ಕಾಯಿಲ್ ಸುತ್ತಿಸಬಹುದು, ಬೆಲ್ಟ್ ಹರಿದರೆ ಬೇರೆ ಹಾಕಬಹುದು. ಕಂಬ ಸಣಕಲಾಗಿದ್ದರೆ ಮಾತ್ರ ಏನೂ ಮಾಡಲಾಗದು: ಹಿಡಿಕೆ ಒತ್ತಿದಾಗ ಟೇಬಲ್ಲು ತುಸು ಬಾಗುತ್ತದೆ, ತೂತು ಓರೆಯಾಗುತ್ತದೆ. ಲೇಸರ್ ಗೆರೆ ಬೀಳುವ ಮಾದರಿಯೂ ಇತ್ತು. ಸೆಂಟರ್ ಪಂಚ್ ಹೊಡೆದು ಬಾಳಿದವರಿಗೆ ಅದು ಮದುವೆಮನೆಯ ಸೀರಿಯಲ್ ಸೆಟ್!

“ಮೋಟಾರು ಆಮೇಲೆ, ಮೊದಲು ಕುತ್ತಿಗೆ ನೋಡೋ” ಎಂದ ಅಪ್ಪ, ಚಕ್ಕನ್ನು ಪೂರ್ತಿ ಕೆಳಗಿಳಿಸಿ ಅಕ್ಕಪಕ್ಕ ಅಲುಗಿಸಿದರು. ಟಕ್ ಟಕ್. “ಪ್ಲೇ ಇದೆ.” “ಸಾರ್, ಹೊಸಾದು!” ಅಂದ ಹುಡುಗ. “ಹೊಸದಕ್ಕೇ ಇಷ್ಟಿದ್ರೆ ಹಳೇದಾದ್ಮೇಲೆ?” ವೇಗವನ್ನೂ ಕೇಳಿದರು. 10 ಮಿ.ಮೀ. ಬಿಟ್ಟಿನಲ್ಲಿ ಮೈಲ್ಡ್ ಸ್ಟೀಲ್ ಕೊರೆಯಲು ನಿಮಿಷಕ್ಕೆ ಸುಮಾರು 800 ಸುತ್ತು ಸಾಕು, 3 ಮಿ.ಮೀ. ಬಿಟ್ಟಿಗೆ 2,500ರಷ್ಟು ಬೇಕು. ಆ ಯಂತ್ರದ ಪುಲ್ಲಿಯಲ್ಲಿ ಬೆಲ್ಟನ್ನು ಎಷ್ಟು ಇಳಿಸಿದರೂ 1,400ಕ್ಕಿಂತ ಕೆಳಗೆ ಬರುತ್ತಿರಲಿಲ್ಲ. ಬಿಟ್ ಸುಟ್ಟುಕೊಳ್ಳಲು ಅಷ್ಟು ಸಾಕು.

ಕೊನೆಗೆ ಸಿಕ್ಕಿದ್ದು ಪೀಣ್ಯದ ಮುಚ್ಚಿದ ಶೆಡ್ಡಿನಲ್ಲಿ. ಬಣ್ಣ ಹೋದ, ಬೀಡುಕಬ್ಬಿಣದ ಹಳೇ ಯಂತ್ರ. ಎತ್ತಲು ಮೂವರು ಬೇಕಾಯಿತು. ಬೇರಿಂಗ್ ಗೊರಗೊರ ಅನ್ನುತ್ತಿತ್ತು, ಎಲ್ಲೆಡೆ ಸಿಗುವ ನಂಬರು ಅದು. ಚಕ್ಕಿಗೆ ಸಾಣೆ ಹಿಡಿದ ನೇರ ಸರಳು ಸಿಕ್ಕಿಸಿ, ಮನೆಯಿಂದ ತಂದಿದ್ದ ಡಯಲ್ ಗೇಜ್ ಇಟ್ಟು ಕೈಯಲ್ಲೇ ತಿರುಗಿಸಿದರು. ಮುಳ್ಳು ಹೆಚ್ಚು ಕದಲಲಿಲ್ಲ. ಅಪ್ಪ ಚೌಕಾಸಿ ಮಾಡುವುದನ್ನೇ ಮರೆತರು.

ನಮ್ಮ ಮರದ ಮೇಜು ಈ ಭಾರ ತಡೆಯದು. ಆಂಗಲ್ ಕಬ್ಬಿಣದ ಸ್ಟ್ಯಾಂಡಿಗೆ ಹದಿನಾರು ತೂತು ಬೇಕಂತೆ. ಡ್ರಿಲ್ಲು ಸದ್ಯ ನೆಲದ ಮೇಲೆ, ಮುಂದೆ ಮಣೆ ಹಾಕಿಕೊಂಡು ಅಪ್ಪ. ತನ್ನ ಸ್ಟ್ಯಾಂಡಿನ ತೂತುಗಳನ್ನು ಅದೇ ಕೊರೆಯುತ್ತಿದೆ, ಇವತ್ತಿಗೆ ಒಂಬತ್ತಾಗಿವೆ.