ಕಮಾನಿಗೊಂದು ಕಿಂಡಿ

ಏಪ್ರಿಲ್ ತಿಂಗಳ ಒಂದು ಸಂಜೆ ಲಾಲ್‌ಬಾಗಿನ ಕೆರೆಯ ದಂಡೆಯಲ್ಲಿ ಒಬ್ಬ ತಾಯಿ ಮಗುವಿನ ಗಾಡಿ ತಳ್ಳಿಕೊಂಡು ನನ್ನೆದುರು ಬಂದಳು. ಗಾಡಿಯ ಮೇಲೆ ಸ್ನಾನದ ದಪ್ಪ ಟವೆಲ್ಲೊಂದನ್ನು ನಾಲ್ಕೂ ಕಡೆ ಇಳಿಬಿಟ್ಟಿದ್ದಳು. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುವಳು, ಮುಂದಕ್ಕೆ ಬಂದು ಬಗ್ಗುವಳು, ಟವೆಲಿನ ಅಂಚೆತ್ತಿ ಇಣುಕುವಳು, ಮತ್ತೆ ಮುಚ್ಚುವಳು. ನಾನು ನೋಡುತ್ತಿರುವುದನ್ನು ಕಂಡು, "ಬಿಸಿಲು ಆಂಟಿ, ಕಣ್ಣಿಗೇ ಹೊಡೆಯುತ್ತೆ" ಅಂದಳು. ಅವಳ ಮಾತು ನಿಜ. ಐದು ಗಂಟೆಯ ಬಿಸಿಲು ನೆತ್ತಿಯ ಮೇಲಿಂದ ಬರುವುದಿಲ್ಲ, ಮರಗಳ ಸಂದಿನಿಂದ ಓರೆಯಾಗಿ ನುಗ್ಗುತ್ತದೆ. ಆ ಗಾಡಿಯ ತಲೆಯ ಮೇಲಿನ ಬಟ್ಟೆಯೋ ಒಂದು ಗೇಣು ದಾಟಿರಲಿಲ್ಲ. ಒಳಗಿರುವ ಮಗುವನ್ನು ನೋಡಲು ಅದರಲ್ಲಿ ಒಂದು ಕಿಂಡಿಯೂ ಇರಲಿಲ್ಲ. ಗಾಡಿ ಮಾಡಿದವರು ಬಿಟ್ಟ ಕೊರತೆಯನ್ನು ಅವಳು ಟವೆಲಿನಿಂದ ತುಂಬಿಸುತ್ತಿದ್ದಳು.

ಮೊಮ್ಮಗಳಿಗೆ ನಾಲ್ಕು ತಿಂಗಳು ತುಂಬಿ, ಮಗಳು ಅಳಿಯ ಇಬ್ಬರೂ ಗಾಡಿ ಕೊಳ್ಳುವ ಮಾತು ಎತ್ತಿದಾಗ ನನ್ನ ಕಣ್ಣ ಮುಂದಿದ್ದದ್ದು ಆ ಟವೆಲ್. ಅಳಿಯ ಚಕ್ರದ ಬಗ್ಗೆ ಕೇಳುತ್ತಿದ್ದರು, ಮಡಚಿದರೆ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆಯೇ ಎಂದು ಅಳತೆ ಹಾಕುತ್ತಿದ್ದರು. ನಾನು ಕೇಳಿದ್ದು ಒಂದೇ, ಅದರ ಕಮಾನು ಹೇಗಿದೆ ಎಂದು.

ಕಮಾನು ಎಂಬ ಮಾತು ನನ್ನ ಬಾಯಿಗೆ ತಾನಾಗಿ ಬಂತು. ಅಂಗಡಿಯವರು ಕ್ಯಾನೊಪಿ ಅನ್ನುತ್ತಾರೆ, ಹುಡ್ ಅನ್ನುತ್ತಾರೆ. ತೀರ್ಥಹಳ್ಳಿಯ ಕಡೆ ಬೆಳೆದ ನನಗೆ ಮಾತ್ರ ಅದನ್ನು ನೋಡಿದರೆ ಕಮಾನುಗಾಡಿಯೇ ನೆನಪಾಗುವುದು. ಬಿದಿರಿನ ತಟ್ಟಿಯನ್ನು ಬಿಲ್ಲಿನಂತೆ ಬಗ್ಗಿಸಿ ಕಟ್ಟಿದ ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿ, ನಮ್ಮನ್ನು ಅಜ್ಜನ ಮನೆಗೆ ಕರೆದೊಯ್ಯುತ್ತಿದ್ದರು. ಮೇಲಿನ ಬಿಸಿಲು ಒಳಗೆ ಬರುತ್ತಿರಲಿಲ್ಲ. ಮುಂದಿನಿಂದ ಬಂದ ಗಾಳಿ ಹಿಂದಿನಿಂದ ಹೊರಟುಹೋಗುತ್ತಿತ್ತು. ಮಳೆಗಾಲದಲ್ಲಿ ನೆಟ್ಟಿ ಮಾಡುವ ಹೆಂಗಸರು ಹಾಕಿಕೊಳ್ಳುತ್ತಿದ್ದ ಗೊರಬೂ ಹಾಗೆಯೇ. ಬಿದಿರಿನ ಸೀಳು ಹೆಣೆದು, ನಡುವೆ ಎಲೆ ಹಾಸಿ ಮಾಡಿದ್ದು. ತಲೆಯಿಂದ ಸೊಂಟದವರೆಗೆ ಬೆನ್ನನ್ನು ಪೂರ್ತಿ ಮುಚ್ಚಿದರೂ ಎದುರನ್ನು ತೆರೆದೇ ಬಿಡುತ್ತಿತ್ತು. ಎಷ್ಟು ಮುಚ್ಚಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕ ಆ ಹೆಣೆದವರ ಕೈಗೆ ಗೊತ್ತಿತ್ತು.

ಇನ್ನು ಕಿಂಡಿ. ನಮ್ಮ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ಮಧ್ಯದ ಮಣ್ಣಿನ ಗೋಡೆಯಲ್ಲಿ ಗೇಣಗಲದ ಒಂದು ಕಿಂಡಿ ಇತ್ತು. ನನ್ನ ಕೊನೆಯ ತಮ್ಮ ಹುಟ್ಟಿದಾಗ ಅಪ್ಪ ತೊಟ್ಟಿಲು ಕಟ್ಟಲು ನಾಲ್ಕು ಕೊಂಡಿಗಳಿದ್ದ ತೊಲೆಯಲ್ಲಿ ಆ ಕಿಂಡಿಗೆ ನೇರವಾಗಿರುವ ಕೊಂಡಿಯನ್ನೇ ಆರಿಸಿದ್ದರು. ಅಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಿರುವುತ್ತಲೇ ಕತ್ತು ಸ್ವಲ್ಪ ಓರೆ ಮಾಡಿದರೆ ಸಾಕು, ತಮ್ಮನ ಮುಖ ಕಾಣುತ್ತಿತ್ತು. ಕೂಸು ಅಳುವ ಮೊದಲೇ ಅದು ಎದ್ದದ್ದು ಅವಳಿಗೆ ತಿಳಿಯುತ್ತಿತ್ತು. ಎದ್ದು ಹೋಗಿ ನೋಡುವುದು ಬೇರೆ, ಕೂತಲ್ಲಿಂದಲೇ ಕಾಣುವುದು ಬೇರೆ. ಅವಳ ಇಡೀ ಬೆಳಗಿನ ನೆಮ್ಮದಿ ಆ ಗೇಣಗಲದ ಕಿಂಡಿಯಲ್ಲಿತ್ತು.

ಮಗುವಿನ ಗಾಡಿಗೆ ಕಿಂಡಿ ಬೇಕಾದದ್ದು ತೀರಾ ಈಚೆಗೆ. 1733ರಲ್ಲಿ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕನ ಮಕ್ಕಳಿಗಾಗಿ ವಿಲಿಯಂ ಕೆಂಟ್ ಚಿಪ್ಪಿನ ಆಕಾರದ ಪುಟ್ಟ ಗಾಡಿ ಮಾಡಿಕೊಟ್ಟ. ಅದನ್ನು ಆಡಿನಂಥ ಸಣ್ಣ ಪ್ರಾಣಿ ಎಳೆಯಬೇಕಿತ್ತು. ಆಮೇಲೆ ಮನುಷ್ಯರೇ ತಳ್ಳುವ ದೊಡ್ಡ ಪ್ರಾಮ್‌ಗಳು ಬಂದವು. 1889ರಲ್ಲಿ ಅಮೆರಿಕದ ವಿಲಿಯಂ ರಿಚರ್ಡ್‌ಸನ್ ಎಂಬಾತ ಮಗುವಿನ ತೊಟ್ಟಿಲನ್ನು ಬೇಕೆಂದಾಗ ತಾಯಿಯ ಕಡೆಗೆ, ಬೇಕೆಂದಾಗ ಹೊರಗಡೆಗೆ ತಿರುಗಿಸಬಹುದಾದ ಗಾಡಿಗೆ ಪೇಟೆಂಟ್ ಪಡೆದ.  ಮಗು ತಾಯಿಯ ಕಡೆಗೇ ಮುಖ ಮಾಡಿ ಮಲಗಿದ್ದರೆ ಕಿಂಡಿಯ ಅಗತ್ಯವೇ ಇಲ್ಲ.

ಎಲ್ಲವನ್ನೂ ಬದಲಿಸಿದವನು ಓವನ್ ಮೆಕ್ಲಾರೆನ್. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನ ನೆಲಕ್ಕಿಳಿಯುವಾಗ ಚಾಚಿ, ಹಾರುವಾಗ ಮಡಚಿಕೊಳ್ಳುವ ಚಕ್ರಕಾಲುಗಳ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್ ಅವನು. ಪರದೇಶದಿಂದ ಬಂದ ಮಗಳು ಭಾರದ ಗಾಡಿಯೊಂದಿಗೆ ಏಗುವುದನ್ನು ನೋಡಿ, ಮೊಮ್ಮಗುವಿಗಾಗಿ 1965ರಲ್ಲಿ ಕೊಡೆಯಂತೆ ಮಡಚುವ ಅಲ್ಯೂಮಿನಿಯಂ ಗಾಡಿಯನ್ನು ರೂಪಿಸಿದ. ಮೂರು ಕಿಲೋಗೂ ಕಡಿಮೆ ತೂಕ! ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಗಾಡಿ ಹಿಡಿದು ಬಸ್ಸು ಹತ್ತುವಂತಾಯಿತು. ಒಬ್ಬ ಅಜ್ಜ ತನ್ನ ಮಗಳ ಕಷ್ಟ ನೋಡಲಾರದೆ ಮಾಡಿದ ಕೆಲಸವಿದು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಆದರೆ ಇಂಥ ಹಗುರದ ಗಾಡಿಗಳಲ್ಲಿ ಮಗು ತಾಯಿಗೆ ಬೆನ್ನು ಮಾಡಿ ಕೂರುತ್ತದೆ. ಅದರ ತಲೆಗೆ ನೆರಳು ಬೇಕೆಂದು ಬಟ್ಟೆಯ ಕಮಾನು ಕಟ್ಟಿದರೆ ಅಮ್ಮನಿಗೂ ಮಗುವಿಗೂ ನಡುವೆ ಗೋಡೆ ಎದ್ದಂತಾಯಿತು. ಗೋಡೆ ಎದ್ದ ಮೇಲೆ ಕಿಂಡಿ ಕೊರೆಯಲೇಬೇಕು.

ಈಗಲೂ ಎರಡೂ ಕಡೆ ತಿರುಗುವ ಆಸನದ ಗಾಡಿಗಳು ಸಿಗುತ್ತವೆ. ಅವು ಭಾರ, ಬೆಲೆಯೂ ಹೆಚ್ಚು. ನಮ್ಮದು ಲಿಫ್ಟ್ ಇಲ್ಲದ ಎರಡನೆಯ ಮಹಡಿ. ಹೀಗಾಗಿ ಹಗುರದ್ದನ್ನೇ ಕೊಳ್ಳುವುದೆಂದು ನಿಶ್ಚಯಿಸಿ ಜಯನಗರದ ಒಂದು ಅಂಗಡಿಗೆ ಹೋದೆವು. ಕೂಸನ್ನೂ ಕರೆದುಕೊಂಡು ಹೋಗಬೇಕೆಂದು ನಾನು ಹಟ ಹಿಡಿದಿದ್ದೆ. ಬರಿಯ ಗಾಡಿಯನ್ನು ಅಂಗಡಿಯ ನುಣುಪು ನೆಲದ ಮೇಲೆ ಉರುಳಿಸಿದರೆ ಎಲ್ಲವೂ ಚೆನ್ನಾಗಿಯೇ ಓಡುತ್ತವೆ.

ಮೊದಲನೆಯ ಗಾಡಿಯ ಕಿಂಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊಲಿದಿದ್ದರು, ಮೇಲೆ ಮುಚ್ಚಳವಿರಲಿಲ್ಲ. ಮಧ್ಯಾಹ್ನದ ಬಿಸಿಲು ಅದರ ಮೂಲಕ ನೇರವಾಗಿ ಮಗುವಿನ ಮುಖಕ್ಕೇ ಬೀಳುತ್ತದೆ. ಹತ್ತಾರು ಸಲ ಮಡಚಿದರೆ ಪ್ಲಾಸ್ಟಿಕ್ಕಿನ ಮೇಲೆ ಗೀರು ಬಿದ್ದು ಮಂಜಾಗುತ್ತದೆ. ಎರಡನೆಯದಕ್ಕೆ ಮುಚ್ಚಳವಿತ್ತು, ವೆಲ್ಕ್ರೋ ಪಟ್ಟಿಯದು. ಎಳೆದ ಕೂಡಲೇ ಪರ್ರ್ ಎಂದು ಸದ್ದಾಗಿ ಮಗಳ ತೋಳಿನಲ್ಲಿ ನಿದ್ದೆಹೋಗಿದ್ದ ಕೂಸು ಬೆಚ್ಚಿ ಎದ್ದಿತು. ಮಲಗಿದೆಯೇ ಎಂದು ನೋಡಲು ತೆರೆಯುವ ಕಿಂಡಿಯೇ ಮಗುವನ್ನು ಎಬ್ಬಿಸಿದರೆ ಅದು ಯಾತಕ್ಕೆ? ಮೂರನೆಯದರಲ್ಲಿ ಸೊಳ್ಳೆಪರದೆಯಂಥ ಬಲೆಬಟ್ಟೆಯ ಕಿಂಡಿ, ಅದರ ಮೇಲೆ ಸದ್ದಿಲ್ಲದೆ ಕೂರುವ ಅಯಸ್ಕಾಂತದ ಮುಚ್ಚಳ. ಬಿಸಿಗಾಳಿ ಮೇಲಕ್ಕೇ ಹೋಗುವುದರಿಂದ ಕಮಾನಿನ ನೆತ್ತಿಯ ಬಲೆ ಅದಕ್ಕೆ ದಾರಿ ಕೊಡುತ್ತದೆ. ನನ್ನ ಮನಸ್ಸು ಅದರ ಮೇಲೇ ನಿಂತಿತು.

ಕೂಸನ್ನು ಅದರಲ್ಲಿ ಮಲಗಿಸಿದೆವು. ಅಳಿಯ ಹ್ಯಾಂಡಲ್ ಹಿಡಿದು, "ಮುಖ ಚೆನ್ನಾಗಿ ಕಾಣುತ್ತೆ ಅತ್ತೆ" ಅಂದರು. ನಾನು ಹಿಡಿದು ನೋಡಿದರೆ ಕಂಡದ್ದು ಅದರ ಎರಡು ಪಾದ. ಯೋಚಿಸಿದರೆ ಅದು ಸಹಜವೇ. ಅಳಿಯ ಆರಡಿ ಎತ್ತರ, ಅವರ ನೋಟ ಮೇಲಿಂದ ಕಡಿದಾಗಿ ಇಳಿದು ತಲೆಯ ಬಳಿ ಬೀಳುತ್ತದೆ. ನಾನು ಐದಡಿ, ನನ್ನ ನೋಟ ಅದೇ ಕಿಂಡಿಯಿಂದ ಓರೆಯಾಗಿ ಮುಂದಕ್ಕೆ ಹೋಗುತ್ತದೆ. ದಿನವೂ ಗಾಡಿ ತಳ್ಳುವವಳು ನಾನು, ಆಮೇಲೆ ಮಗಳು. ಆದ್ದರಿಂದ ಅದನ್ನೂ ಬಿಟ್ಟೆವು. ಅದೇ ಬಗೆಯ ಬಲೆ ಇದ್ದು, ಕಿಂಡಿ ಇನ್ನೊಂದಷ್ಟು ಹಿಂದಕ್ಕಿದ್ದ, ಉದ್ದವೂ ಜಾಸ್ತಿ ಇದ್ದ ಇನ್ನೊಂದು ಗಾಡಿ ಅದೇ ಸಾಲಿನ ಕೊನೆಯಲ್ಲಿತ್ತು. ಅದರ ಕಮಾನಿಗೆ ಮೂರು ಮಡಿಕೆ, ಜಿಪ್ ತೆಗೆದರೆ ಇನ್ನೊಂದು. ಪೂರ್ತಿ ಎಳೆದರೆ ಮುಂದಿನ ಸರಳಿನ ಹತ್ತಿರದವರೆಗೆ ನೆರಳು ಬರುತ್ತದೆ. ಬ್ರೇಕು, ಐದು ಕಡೆ ಹಿಡಿಯುವ ಬೆಲ್ಟು ಇವೆಲ್ಲವನ್ನೂ ಅಳಿಯ ನೋಡಿದರು, ಅದನ್ನೇ ಕೊಂಡೆವು. ಹ್ಯಾಂಡಲ್‌ಗೆ ತರಕಾರಿ ಚೀಲ ನೇತುಹಾಕಿದರೆ ಗಾಡಿ ಹಿಂದಕ್ಕೆ ಮಗುಚುತ್ತದೆ ಎಂಬುದೊಂದನ್ನು ನಾನು ಮಗಳಿಗೆ ಎರಡು ಸಲ ಹೇಳಿದೆ.

ಕಿಂಡಿ ಕೇವಲ ಮುದ್ದಿಗಾಗಿ ಅಲ್ಲ. ಇನ್ನೂ ಕೂರಲು ಬಾರದ ಮಗುವಿನ ಕತ್ತಿಗೆ ಬಲ ಸಾಲದು. ಗಾಡಿಯಲ್ಲಿ ಜಾರಿ ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ, ಅದು ಅಳುವುದೂ ಇಲ್ಲ. ಅದಕ್ಕೇ ಆರು ತಿಂಗಳವರೆಗೆ ಆಸನವನ್ನು ಮಟ್ಟಸವಾಗಿ ಮಲಗಿಸಿಟ್ಟಿರಬೇಕು, ಗದ್ದ ಎಲ್ಲಿದೆ ಎಂದು ಆಗಾಗ ನೋಡುತ್ತಿರಬೇಕು.

ಟವೆಲಿನ ವಿಷಯವೂ ಅಷ್ಟೇ ಗಂಭೀರ. 2014ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಬೇಸಿಗೆಯ ದಿನ ಪ್ರಾಮ್ ಒಂದನ್ನು ಬಿಸಿಲಿನಲ್ಲಿ ನಿಲ್ಲಿಸಿ ಪರೀಕ್ಷಿಸಿತು. ಏನೂ ಹೊದಿಸದೆ ಇದ್ದಾಗ ಒಳಗೆ 22 ಡಿಗ್ರಿ ಸೆಲ್ಸಿಯಸ್ ಇತ್ತು. ತೆಳುವಾದ ಬಟ್ಟೆ ಹೊದಿಸಿ ಅರ್ಧ ಗಂಟೆಗೆ 34, ಒಂದು ಗಂಟೆಯ ಹೊತ್ತಿಗೆ 37. ಸ್ವೀಡನ್ನಿನ ಬಿಸಿಲಿನಲ್ಲಿ ಹೀಗಾದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಏನಾದೀತು! 2023ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗದಲ್ಲೂ ಒಣ ಮಸ್ಲಿನ್ ಬಟ್ಟೆ ಒಳಗಿನ ಸೆಕೆಯನ್ನು 2.6 ಡಿಗ್ರಿ ಏರಿಸಿತು. ಅದೇ ಬಟ್ಟೆಯನ್ನು ಒದ್ದೆ ಮಾಡಿ, ಪುಟ್ಟ ಫ್ಯಾನ್ ಇಟ್ಟಾಗ ಹೆಚ್ಚುಕಡಿಮೆ 5 ಡಿಗ್ರಿ ಇಳಿಯಿತು, ಆದರೆ ಬಟ್ಟೆ ಆರದಂತೆ ಮತ್ತೆ ಮತ್ತೆ ನೆನೆಸುತ್ತಿರಬೇಕು. ನೆರಳೂ ಬೇಕು, ಗಾಳಿಯೂ ಆಡಬೇಕು. ಕಮಾನುಗಾಡಿ ಮುಂದೆ ಹಿಂದೆ ತೆರೆದೇ ಇರುತ್ತಿದ್ದದ್ದು ಇದಕ್ಕೇ.

ಇನ್ನೊಂದು ಮಾತು. 2008ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಜ಼ಾನ್ ಜ಼ೀಡಿಕ್ ಅವರ ಅಧ್ಯಯನಕ್ಕಾಗಿ ಬೀದಿಗಳಲ್ಲಿ 2,700ಕ್ಕೂ ಹೆಚ್ಚು ಮಕ್ಕಳನ್ನೂ ಅವರೊಡನಿದ್ದ ದೊಡ್ಡವರನ್ನೂ ಗಮನಿಸಲಾಯಿತು. ಮಗು ತಮ್ಮ ಕಡೆಗೆ ಮುಖ ಮಾಡಿದ್ದಾಗ ದೊಡ್ಡವರು ಅದರೊಡನೆ ಹೆಚ್ಚು ಮಾತಾಡುತ್ತಿದ್ದರು ಎಂದು ಕಂಡುಬಂತು. ಮುಖ ಕಂಡರೆ ತಾನೇ ಮಾತು ಹುಟ್ಟುವುದು! ನಮ್ಮ ಗಾಡಿ ತಿರುಗುವುದಿಲ್ಲ. ಹಾಗಾಗಿ ನಾನು ಕಿಂಡಿಯ ಮುಚ್ಚಳ ಎತ್ತಿಟ್ಟು ನಡೆಯುತ್ತೇನೆ. ಅಳಿಲು ಓಡಿದರೆ ಹೇಳುತ್ತೇನೆ, ಹೂವಿನವಳು ಬಂದರೆ ಹೇಳುತ್ತೇನೆ. ಈಗ ಎಂಟು ತಿಂಗಳಾದ ಕೂಸು ದನಿ ಬಂದ ಕಡೆಗೆ ತಲೆ ಎತ್ತಿ ಬಲೆಯೊಳಗಿಂದ ನನ್ನನ್ನು ಹುಡುಕುತ್ತದೆ. ನಾನು ಸಿಕ್ಕಿದೆ ಎಂದು ಗೊತ್ತಾದ ಮೇಲೆ ಮತ್ತೆ ರಸ್ತೆ ನೋಡುತ್ತದೆ.

ಗಾಡಿ ಕೊಳ್ಳಲು ಹೋಗುವ ತಾಯಂದಿರೇ, ಮಗುವನ್ನು ಜೊತೆಗೆ ಕರೆದೊಯ್ಯಿರಿ. ಮನೆಯಲ್ಲಿ ದಿನವೂ ಅದನ್ನು ತಳ್ಳುವವರು ಯಾರೋ ಅವರನ್ನೂ ಕರೆದೊಯ್ಯಿರಿ. ಕಮಾನನ್ನು ಪೂರ್ತಿ ಎಳೆದು, ಹ್ಯಾಂಡಲ್ ಹಿಡಿದು, ಬಗ್ಗದೆ ನಿಂತು ಕಿಂಡಿಯಲ್ಲಿ ನೋಡಲಿ. ಮಗುವಿನ ಮೂಗು ಗದ್ದ ಎರಡೂ ಕಂಡರೆ ದುಡ್ಡು ಕೊಡಿ. ಈಗಾಗಲೇ ಕಿಂಡಿಯಿಲ್ಲದ ಗಾಡಿ ಮನೆಯಲ್ಲಿದ್ದರೆ ಬಿಸಿಲು ಇಳಿದ ಮೇಲೆ ಹೊರಡಿ, ಟವೆಲ್ಲನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.