ಗಿಳಿಗೆ ಫೀಸು, ಯಾವ ಕಲಮಿನಲ್ಲಿ?

ನಮ್ಮ ಕಾಲದಲ್ಲಿ ರೇಡಿಯೋಗೂ ಲೈಸೆನ್ಸ್ ಇತ್ತು ಎಂದರೆ ಈಗಿನ ಹುಡುಗರು ನಗುತ್ತಾರೆ. ಬ್ಯಾಂಕಿನ ಪಾಸ್‌ಬುಕ್ಕಿನಂಥ ಪುಟ್ಟ ಪುಸ್ತಕ. ವರ್ಷಕ್ಕೊಮ್ಮೆ ಅದನ್ನು ಅಂಚೆ ಕಚೇರಿಗೆ ಒಯ್ದು ಹಣ ಕಟ್ಟಿದರೆ ಗುಮಾಸ್ತರು ಮುದ್ರೆ ಒತ್ತಿ ಕೊಡುತ್ತಿದ್ದರು. ನನ್ನ ತಂದೆಯವರು ಒಮ್ಮೆ ಕೇಳಿದ್ದರಂತೆ: "ಹಾಡೋರು ಆಕಾಶವಾಣಿಯವರು, ರೇಡಿಯೋ ಕೊಂಡವನು ನಾನು, ಮಧ್ಯೆ ನಿಮಗ್ಯಾಕೆ ಸ್ವಾಮೀ ದುಡ್ಡು?" ಗುಮಾಸ್ತರು ತಲೆಯೆತ್ತದೆ "1885ರ ಟೆಲಿಗ್ರಾಫ್ ಕಾಯಿದೆ" ಎಂದರಂತೆ. ಉತ್ತರ ಪೂರ್ತಿ ಅರ್ಥವಾಗದಿದ್ದರೂ ತಂದೆಯವರಿಗೆ ಸಮಾಧಾನವಾಯಿತು. ಯಾವುದೋ ಒಂದು ಕಾಯಿದೆ ಇದೆಯಲ್ಲ! 1980ರ ದಶಕದಲ್ಲಿ ಆ ಲೈಸೆನ್ಸು ರದ್ದಾಯಿತು. ಆದರೆ ಹಣ ಕೇಳಿದವರನ್ನು "ಯಾವ ಕಾಯಿದೆ?" ಎಂದು ಕೇಳುವ ಆ ಚಾಳಿ ನಮ್ಮ ಮನೆಯಲ್ಲಿ ಉಳಿದುಕೊಂಡಿತು. ಮುಂದೆ ನಾನು ಕಾಲೇಜಿನಲ್ಲಿ ಪೌರನೀತಿ, ವಾಣಿಜ್ಯ ಕಾನೂನು ಪಾಠ ಹೇಳಿ ಹೊಟ್ಟೆ ಹೊರೆದದ್ದಕ್ಕೂ ಅದೇ ಕಾರಣವಿರಬಹುದು.

ನಿವೃತ್ತನಾದ ಮೇಲೆ ಆ ಪ್ರಶ್ನೆ ಗಿಳಿಯೊಂದರ ರೂಪದಲ್ಲಿ ಮನೆಬಾಗಿಲಿಗೇ ಬಂತು. ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಮಹಡಿಯಲ್ಲಿ ಒಂದು ಸಂಸಾರ ಬಾಡಿಗೆಗಿದೆ. ಅವರ ಮಗಳು 2024ರ ಮಾರ್ಚಿನಲ್ಲಿ ಒಂಬತ್ತನೇ ತರಗತಿಯ ಪರೀಕ್ಷೆ ಮುಗಿಸಿದಾಗ ಸೋದರಮಾವ ಒಂದು ಗಿಳಿಮರಿ ತಂದುಕೊಟ್ಟ. ನಮ್ಮ ಊರಿನದೇ ಹಸಿರು ಗಿಳಿ. ಜಯನಗರದ ಹಳೆಯ ಮರಗಳ ಪೊಟರೆಯಲ್ಲಿ ಗೂಡು ಮಾಡಿ ಬೆಳಗಿನ ಜಾವವೇ ಕಿರಿಚಾಡುವ ಜಾತಿ. ಅಂಗಡಿಯವನು ಹಕ್ಕಿಯ ಬೆಲೆಯ ಮೇಲೆ ಮೂರು ಸಾವಿರ ಇಸಿದುಕೊಂಡು, "ಈಗ ಹೊಸ ರೂಲ್ಸ್ ಬಂದಿದೆ ಸಾರ್, ಎಲ್ಲ ಪಕ್ಷಿಗೂ ರಿಜಿಸ್ಟ್ರೇಷನ್ ಆಗಬೇಕು. ಗೌರ್ಮೆಂಟ್ ಫೀಸು ನಾವೇ ಕಟ್ಟಿಬಿಡ್ತೀವಿ" ಎಂದಿದ್ದನಂತೆ. ರಸೀದಿಯಲ್ಲಿ ಬರೆದದ್ದು ಮಾತ್ರ ಪಂಜರ, ಕಾಳು, ಸರ್ವೀಸ್ ಚಾರ್ಜು.

ಹುಡುಗಿ ಪಂಜರ ಹಿಡಿದು ಕೆಳಗೆ ಬಂದಳು, ತಾತನಿಗೆ ತೋರಿಸಲು. ನಾನು ನೋಡಿದ್ದು ಗಿಳಿಯ ರೆಕ್ಕೆಯನ್ನು. ಹಾರುವ ಗರಿಗಳನ್ನು ಕತ್ತರಿಯಿಂದ ಒಂದೇ ಸಮ ಕತ್ತರಿಸಿದ್ದರು. ಇದನ್ನು ಸಾಕುವ ಹಾಗಿಲ್ಲ ಕಣಮ್ಮ ಎಂದೆ. ಅವಳು ಕೇಳಿದ ಪ್ರಶ್ನೆ ಇದು: "ಫೀಸ್ ಕಟ್ಟಿದ್ದೀವಲ್ಲ ತಾತ, ಮತ್ತೆ ತಪ್ಪು ಹೇಗಾಗುತ್ತೆ?"

ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ದುಡ್ಡು ಕೊಟ್ಟರೆ ಅನುಮತಿ ಬಂದಂತೆ ಎಂಬುದು ನಾವು ದೊಡ್ಡವರೇ ಮಕ್ಕಳಿಗೆ ಕಲಿಸಿರುವ ಲೆಕ್ಕ. ಕಾನೂನಿನ ಲೆಕ್ಕ ತಿರುಗಾಮುರುಗಾ. ಮೊದಲು ಕಾನೂನು ಒಂದು ಕೆಲಸಕ್ಕೆ ಅವಕಾಶ ಕೊಡಬೇಕು, ಆ ಕೆಲಸಕ್ಕೆ ಅರ್ಜಿ, ನೋಂದಣಿ ಎಂಬ ದಾರಿ ಮಾಡಬೇಕು. ಫೀಸು ಎಂಬುದು ಆ ದಾರಿಯಲ್ಲಿ ಬರುವ ಸುಂಕದ ಕಟ್ಟೆ. ದಾರಿಯೇ ಇಲ್ಲದ ಕಡೆ ಕಟ್ಟೆ ಕಟ್ಟಿಕೊಂಡು ಕೂತವನು ಸರ್ಕಾರದವನಲ್ಲ.

ನಮ್ಮ ಹಸಿರು ಗಿಳಿಗೆ ದಾರಿ ಯಾಕಿಲ್ಲ ಎಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂದರೆ ಬಂದೂಕು ಹಿಡಿಯುವುದಷ್ಟೇ ಅಲ್ಲ; ಹಿಡಿಯುವುದು, ಬಲೆ ಹಾಕುವುದು, ಗೂಡು ಕೆಡಿಸುವುದು ಎಲ್ಲವೂ ಬೇಟೆಯೇ. 1991ರ ತಿದ್ದುಪಡಿಯ ಹೊತ್ತಿಗೆ ನಮ್ಮ ದೇಶದ ಕಾಡುಹಕ್ಕಿಗಳನ್ನು ಹಿಡಿದು ಮಾರುವ ವ್ಯಾಪಾರಕ್ಕೆ ಬಾಗಿಲು ಮುಚ್ಚಿತು. ಆ ಹಿಂದೆ ಹಕ್ಕಿ ವ್ಯಾಪಾರಿಗಳಿಗೆ ಲೈಸೆನ್ಸ್ ಇತ್ತು, ಅಜ್ಜಿಯ ಮನೆಯಲ್ಲಿ ರಾಮ ರಾಮ ಎನ್ನುವ ಗಿಳಿಯೂ ಇತ್ತು. ದೇವಸ್ಥಾನದ ಬೀದಿಯಲ್ಲಿ ಗಿಣಿಶಾಸ್ತ್ರದವರ ಪಂಜರ ನೋಡಿ ಬೆಳೆದ ನಮಗೆ ಇದು ಅಪರಾಧ ಎಂದು ಹೊಳೆಯದಿರುವುದು ಸಹಜ. ಅಪರಾಧ ಹೌದು, ಜೈಲೂ ಉಂಟು, ದಂಡವೂ ಉಂಟು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಮೇಲೆ ಈ ಗಿಳಿ ಎರಡನೇ ಅನುಸೂಚಿಯಲ್ಲಿದೆ. ಮೈನಾ, ಮುನಿಯಾಗಳ ಕಥೆಯೂ ಅದೇ.

ಹಾಗಾದರೆ ಅಂಗಡಿಯವನು ಹೇಳಿದ ಹೊಸ ರೂಲ್ಸು ಸುಳ್ಳೇ? ಅಲ್ಲ. ಅಲ್ಲೇ ಇರುವುದು ಚಮತ್ಕಾರ. ಅಪ್ಪಟ ಸುಳ್ಳಿಗಿಂತ ಅರ್ಧ ಸತ್ಯ ಚೆನ್ನಾಗಿ ಮಾರಾಟವಾಗುತ್ತದೆ.

ನಿಯಮ ಬಂದದ್ದು ಹೊರದೇಶದ ಹಕ್ಕಿಗಳಿಗೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡಲು 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು, ಸೈಟಿಸ್ ಎನ್ನುತ್ತಾರೆ. ಭಾರತ 1976ರಲ್ಲಿ ಸೇರಿತು. ಆದರೆ ನಮ್ಮ ಕಾಯಿದೆಯ ಪಟ್ಟಿಗಳಲ್ಲಿದ್ದದ್ದು ಹೆಚ್ಚಾಗಿ ನಮ್ಮ ಪ್ರಾಣಿಗಳು. ಆಫ್ರಿಕದ ಬೂದುಗಿಳಿ, ದಕ್ಷಿಣ ಅಮೆರಿಕದ ಮಕಾವ್, ಕಾನ್ಯೂರ್‌ಗಳು ಬೆಂಗಳೂರಿನ ಮನೆಗಳಲ್ಲಿ ಯಾವ ಕಾಗದವೂ ಇಲ್ಲದೆ ದಶಕಗಟ್ಟಲೆ ಕೂತಿದ್ದವು. 2020ರ ಜೂನಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಸಲಹಾಪತ್ರ ಹೊರಡಿಸಿ, ಆರು ತಿಂಗಳೊಳಗೆ ನಿಮ್ಮಲ್ಲಿರುವ ವಿದೇಶಿ ಪ್ರಾಣಿ ಪಕ್ಷಿಗಳನ್ನು ತಾವಾಗಿಯೇ ತಿಳಿಸಿ, ದಾಖಲೆ ಕೇಳುವುದಿಲ್ಲ ಎಂದಿತು. ಸಲಹೆ ಎಂದರೆ ಸಲಹೆ. ಆ ಗೂಟಕ್ಕೆ ಕಡ್ಡಾಯದ ಹಗ್ಗವನ್ನಾಗಲಿ ಶುಲ್ಕದ ಹಗ್ಗವನ್ನಾಗಲಿ ಕಟ್ಟಲು ಬರುವುದಿಲ್ಲ. ಗೂಟ ಗಟ್ಟಿಯಾದದ್ದು 2022ರ ತಿದ್ದುಪಡಿಯಲ್ಲಿ. ಸೈಟಿಸ್ ಪಟ್ಟಿ ಕಾಯಿದೆಯ ನಾಲ್ಕನೇ ಅನುಸೂಚಿಯಾಗಿ ಒಳಬಂತು. 49-ಎಂ ಎಂಬ ಹೊಸ ಕಲಮು, ಆ ಅನುಸೂಚಿಯ ಜೀವಂತ ಪ್ರಾಣಿ ಇಟ್ಟುಕೊಂಡವರು ವರದಿ ಮಾಡಿ ನೋಂದಾಯಿಸಬೇಕು ಎಂದಿತು. 2024ರ ಫೆಬ್ರವರಿ 28ರಂದು ನಿಯಮಗಳೂ ಬಂದವು. ಪರಿವೇಶ್ ಎಂಬ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ. ಆಗಲೇ ಸಾಕುತ್ತಿದ್ದವರಿಗೆ ಆರು ತಿಂಗಳ ಗಡುವು. ಮರಿಯಾದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು.

ನಮ್ಮ ಅಂಗಡಿಯವನು ಈ ಸುದ್ದಿ ಬಂದ ಮೂರು ವಾರದಲ್ಲೇ ಅದನ್ನು ಊರ ಗಿಳಿಗೆ ಅಂಟಿಸಿ ಮೂರು ಸಾವಿರ ಸಂಪಾದಿಸಿದ್ದ. ಬುದ್ಧಿವಂತ, ಅನುಮಾನವಿಲ್ಲ.

ಇನ್ನೊಂದು ಗೊಂದಲ ಹೆಸರಿನದು. ನಮ್ಮಲ್ಲಿ ಲವ್ ಬರ್ಡ್ಸ್ ಎಂದು ಕರೆಯುವ ಪುಟ್ಟ ಹಳದಿ, ನೀಲಿ ಹಕ್ಕಿ ನಿಜವಾಗಿ ಆಸ್ಟ್ರೇಲಿಯಾದ ಬಜೆರಿಗಾರ್. ಅದಕ್ಕೂ ಜುಟ್ಟಿನ ಕಾಕಟೀಲ್‌ಗೂ ಸೈಟಿಸ್ ಪಟ್ಟಿಯಿಂದ ವಿನಾಯಿತಿ. ನೋಂದಣಿ ಬೇಡ, ಫೀಸೂ ಬೇಡ. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಅದರಲ್ಲಿ ಗುಲಾಬಿ ಮುಖದ ಜಾತಿಗೆ ವಿನಾಯಿತಿ ಇದೆ, ಫಿಷರ್ ಎಂಬ ಜಾತಿಗೆ ಇಲ್ಲ. ಮಕ್ಕಳು ಹಕ್ಕಿ ಬೇಕು ಎಂದು ಹಟ ಹಿಡಿದಾಗ ತಂದೆತಾಯಿಗಳು ಬಣ್ಣ ನೋಡಿ ಬೆಲೆ ಕೇಳುವ ಮೊದಲು ಜಾತಿಯ ಸರಿಯಾದ ಹೆಸರನ್ನು ಬರೆಸಿಕೊಳ್ಳುವುದು ಒಳ್ಳೆಯದು.

ಅದಿರಲಿ, ಫೀಸಿನ ಮೂಲಕ್ಕೆ ಬರೋಣ. ಸರ್ಕಾರವೇ ಫೀಸು ಕೇಳಿತು ಎಂದಿಟ್ಟುಕೊಳ್ಳಿ. ಅದಕ್ಕೆ ಆ ಹಕ್ಕು ಎಲ್ಲಿಂದ ಬಂತು? ಸಂವಿಧಾನದ 265ನೇ ವಿಧಿ, ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ ಎನ್ನುತ್ತದೆ. ತೆರಿಗೆ ಬೇರೆ, ಶುಲ್ಕ ಬೇರೆ. ಈ ಎರಡರ ವ್ಯತ್ಯಾಸವನ್ನು ದೇಶಕ್ಕೆ ಕಲಿಸಿದ ಮೊಕದ್ದಮೆ ಹುಟ್ಟಿದ್ದು ನಮ್ಮ ಉಡುಪಿಯಲ್ಲಿ. ಆಗ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು. ಪರ್ಯಾಯದ ಖರ್ಚಿನಿಂದ ಶಿರೂರು ಮಠ ಸಾಲದಲ್ಲಿತ್ತು. ಧಾರ್ಮಿಕ ದತ್ತಿ ಇಲಾಖೆ ಆಡಳಿತದಲ್ಲಿ ಕೈಹಾಕಿತು. ಜೊತೆಗೆ 1951ರ ಮದರಾಸು ಕಾಯಿದೆ, ಮಠ ದೇವಾಲಯಗಳು ಆದಾಯದ ನೂರಕ್ಕೆ ಐದರವರೆಗೆ ಸರ್ಕಾರಕ್ಕೆ ವಂತಿಗೆ ಕೊಡಬೇಕು ಎಂದಿತ್ತು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಇದು ಶುಲ್ಕವಲ್ಲ, ವೇಷ ಮರೆಸಿದ ತೆರಿಗೆ ಎಂದು ತಳ್ಳಿಹಾಕಿತು. ಹಣ ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತಿತ್ತು. ಕೊಟ್ಟವರಿಗೆ ಸಲ್ಲುವ ಸೇವೆಗೂ ಅದಕ್ಕೂ ನಂಟೇ ಇರಲಿಲ್ಲ. ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಧಾರ್ಮಿಕ ಸ್ವಾತಂತ್ರ್ಯದ ಅಧ್ಯಾಯದಲ್ಲಿ ಓದಿ, ಫೀಸಿನ ಭಾಗವನ್ನು ಹಾರಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಅದೂ ಅಷ್ಟೇ ರುಚಿಯಾದ ಭಾಗ.

ಆಮೇಲಿನ ತೀರ್ಪುಗಳು ಹಗ್ಗವನ್ನು ಸ್ವಲ್ಪ ಸಡಿಲಿಸಿದವು. ಕೊಟ್ಟ ರೂಪಾಯಿಗೆ ಅಷ್ಟೇ ರೂಪಾಯಿನ ಸೇವೆ ಎಂದು ತಕ್ಕಡಿ ಹಿಡಿಯಬೇಕಿಲ್ಲ, ಸ್ಥೂಲವಾದ ಸಂಬಂಧ ಸಾಕು ಎಂದು 1983ರಲ್ಲಿ ಹೇಳಿದರು. ಲೈಸೆನ್ಸಿನಂಥ ನಿಯಂತ್ರಣದ ಶುಲ್ಕಕ್ಕೆ ಪ್ರತಿಸೇವೆಯ ಮಾತನ್ನೇ ಎತ್ತುವಂತಿಲ್ಲ ಎಂದೂ ಆಯಿತು. ಆದರೆ ಒಂದು ಗಂಟನ್ನು ಮಾತ್ರ ಬಿಚ್ಚಲಿಲ್ಲ. 1992ರಲ್ಲಿ ಅಹಮದಾಬಾದಿನ ನಗರಾಭಿವೃದ್ಧಿ ಪ್ರಾಧಿಕಾರ, ಕಾಯಿದೆಯಲ್ಲಿ ಹೇಳದಿದ್ದರೂ ನಿಯಂತ್ರಿಸುವ ಅಧಿಕಾರದೊಳಗೆ ಶುಲ್ಕ ವಿಧಿಸುವ ಅಧಿಕಾರವೂ ಅಡಗಿದೆ ಎಂದು ವಾದಿಸಿದಾಗ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಶುಲ್ಕದ ಅಧಿಕಾರವನ್ನು ಕಾಯಿದೆ ಬಾಯಿಬಿಟ್ಟೇ ಹೇಳಿರಬೇಕು.

ಹಕ್ಕಿಗಳ ವಿಷಯದಲ್ಲಿ ಹೇಳಿದೆಯೇ? ಸಂವಿಧಾನದಲ್ಲಿ ಕಾಡುಪ್ರಾಣಿ ಪಕ್ಷಿಗಳ ರಕ್ಷಣೆ ಮೊದಲು ರಾಜ್ಯಗಳ ಪಟ್ಟಿಯಲ್ಲಿತ್ತು. 1976ರ ನಲವತ್ತೆರಡನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ 17-ಬಿ ಎಂದು ತಂದಿತು. ಅದೇ ಪಟ್ಟಿಯ ಕೊನೆಯಲ್ಲಿ, 47ನೆಯದಾಗಿ, ಈ ಪಟ್ಟಿಯ ವಿಷಯಗಳ ಬಗ್ಗೆ ಶುಲ್ಕ ಎಂಬ ಒಂದು ಸಾಲಿದೆ. ಅಂದರೆ ಕಾನೂನು ಮಾಡುವ ಅಧಿಕಾರವಿದ್ದಲ್ಲಿ ಶುಲ್ಕದ ಅಧಿಕಾರವೂ ಇದೆ. ವನ್ಯಜೀವಿ ಕಾಯಿದೆಗೆ ಬಂದರೆ, ನಿಯಮ ಮಾಡುವ ಅಧಿಕಾರ 63ನೇ ಕಲಮಿನಲ್ಲಿ ಕೇಂದ್ರಕ್ಕೆ, 64ರಲ್ಲಿ ರಾಜ್ಯಕ್ಕೆ. ಅರ್ಜಿ, ಪ್ರಮಾಣಪತ್ರ, ಲೈಸೆನ್ಸು, ಪರವಾನಗಿ, ನೋಂದಣಿಗಳ ನಮೂನೆಯನ್ನೂ, ಶುಲ್ಕವಿದ್ದರೆ ಅದನ್ನೂ ಗೊತ್ತುಮಾಡಬಹುದು ಎಂದು 64 ಹೆಸರಿಸಿ ಹೇಳುತ್ತದೆ. ಬಂಡೀಪುರದಂಥ ಕಾಡಿನೊಳಗೆ ಹೋಗಲು ನೀವು ಕೊಡುವ ಹಣದ ಹಿಂದೆಯೂ ಇಂಥದೇ ಒಂದು ಕಲಮಿದೆ. ಕಾಯಿದೆ ತಾನೇ ಮೊತ್ತ ಹೇಳುವುದಿಲ್ಲ. ಮೊತ್ತ ನಿಯಮದಲ್ಲಿರುತ್ತದೆ, ನಿಯಮ ರಾಜ್ಯಪತ್ರದಲ್ಲಿ ಅಚ್ಚಾಗಿರುತ್ತದೆ, ಕೇಂದ್ರದ ನಿಯಮ ಸಂಸತ್ತಿನ ಮುಂದೆಯೂ ಹೋಗುತ್ತದೆ. ಅಂಗಡಿಯವನ ಬಾಯಲ್ಲಿರುವುದು ನಿಯಮವಲ್ಲ.

ಹುಡುಗಿಗೆ ಇದನ್ನೆಲ್ಲ ಒಂದೇ ಸಂಜೆ ಹೇಳಿದೆ ಎಂದುಕೊಳ್ಳಬೇಡಿ. ಅವಳಿಗೆ ಹೇಳಿದ್ದು ಎರಡೇ ಮಾತು: ನೀನು ಕಟ್ಟಿದ್ದು ಫೀಸಲ್ಲ, ಈ ಹಕ್ಕಿಗೆ ಫೀಸೆಂಬುದೇ ಇಲ್ಲ. ಅವಳು ಅಳಲಿಲ್ಲ, ಊಟ ಬಿಟ್ಟಳು. ಅವಳಪ್ಪನಿಗೆ ಬೇರೆ ಭಯ. "ಮೇಷ್ಟ್ರೇ, ಇಲಾಖೆಗೆ ಹೇಳಿದ್ರೆ ನಮ್ಮ ಮೇಲೇ ಕೇಸು ಹಾಕಿದ್ರೆ? ರಾತ್ರಿ ತುರಹಳ್ಳಿ ಕಾಡಿನ ಹತ್ತಿರ ಬಿಟ್ಟು ಬಂದ್ಬಿಡ್ತೀನಿ" ಎಂದರು. ಗರಿ ಕತ್ತರಿಸಿದ ಮರಿಯನ್ನು ಕಾಡಿನಲ್ಲಿ ಬಿಡುವುದೆಂದರೆ ಬೆಳಗಾಗುವುದರೊಳಗೆ ಬೆಕ್ಕಿಗೋ ನಾಯಿಗೋ ಬಡಿಸಿದಂತೆ. ಕತ್ತರಿಸಿದ ಗರಿ ಉದುರಿ ಹೊಸದು ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅದರ ಜಾತಿಯ ಹಕ್ಕಿಗಳ ಜೊತೆ, ಗೊತ್ತಿದ್ದವರ ಕೈಯಲ್ಲಿ ಇರಬೇಕು. ಆ ರಾತ್ರಿ ಹತ್ತೂವರೆವರೆಗೆ ನಮ್ಮ ಜಗುಲಿಯಲ್ಲಿ ಇದೇ ಚರ್ಚೆ. ಕೊನೆಗೆ ಹುಡುಗಿಯೇ, "ಅಪ್ಪ, ನಾನೂ ಬರ್ತೀನಿ, ನಾವೇ ಕೊಟ್ಟು ಬರೋಣ" ಎಂದಳು. ಮರುದಿನ ಅರಣ್ಯ ಇಲಾಖೆಗೆ ಫೋನು ಮಾಡಿ, ಊರಾಚೆಯ ವನ್ಯಜೀವಿ ರಕ್ಷಣಾ ಕೇಂದ್ರವೊಂದಕ್ಕೆ ಒಪ್ಪಿಸಿದರು. ಯಾರೂ ಕೇಸು ಹಾಕಲಿಲ್ಲ. ಒಂದು ಫಾರಂ ತುಂಬಿಸಿಕೊಂಡರು, ಕಾಸು ಕೇಳಲಿಲ್ಲ. ಮೂರು ಸಾವಿರ ವಾಪಸು ಕೇಳಲು ಹೋದ ಮಾವನಿಗೆ ಅಂಗಡಿಯವನು, "ಅದು ಬೇಡವಾದ್ರೆ ಇನ್ನೊಂದು ಮರಿ ಕೊಡ್ತೀನಿ ಸಾರ್" ಎಂದನಂತೆ.

ಈ ಕಥೆ ಕೇಳಿ ಗಾಬರಿಯಾದವರು ಜೆ.ಪಿ. ನಗರದಲ್ಲಿರುವ ನನ್ನ ಹಳೆಯ ಸಹೋದ್ಯೋಗಿ. ಅವರ ಮನೆಯಲ್ಲಿ ಹನ್ನೆರಡು ವರ್ಷದಿಂದ ಒಂದು ಆಫ್ರಿಕನ್ ಗ್ರೇ ಇದೆ. ಕುಕ್ಕರಿನ ಸೀಟಿಯನ್ನು ಥೇಟ್ ಹಾಗೇ ಹೊಡೆದು ಮನೆಯಾಕೆಯನ್ನು ಅಡುಗೆಮನೆಗೆ ಓಡಿಸುತ್ತದೆ. 2017ರಿಂದ ಆ ಜಾತಿ ಸೈಟಿಸ್‌ನ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಅವರು ಕೊಂಡ ಕಾಲದ ಚೀಟಿ ಎಂದೋ ಕಳೆದುಹೋಗಿತ್ತು. 2024ರ ಜುಲೈನಲ್ಲಿ, ಗಡುವಿಗೆ ತಿಂಗಳು ಉಳಿದಿರುವಾಗ, ನಮ್ಮ ಮಹಡಿಯ ಹುಡುಗಿಯನ್ನೇ ಕರೆಸಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಅವಳು ಅರ್ಜಿ ತುಂಬಿಸುತ್ತ ಪ್ರತಿ ಪುಟದಲ್ಲೂ ನಿಂತು, ಇದು ಯಾವ ನಿಯಮದ ಪ್ರಕಾರ ಎಂದು ಪಕ್ಕದಲ್ಲಿಟ್ಟುಕೊಂಡ ರಾಜ್ಯಪತ್ರದ ಪ್ರತಿಯಲ್ಲಿ ಹುಡುಕುತ್ತಿದ್ದಳಂತೆ. ಎರಡು ಗಂಟೆ ಹಿಡಿಯಿತು. ಗಿಳಿ ಅಷ್ಟರಲ್ಲಿ ಐದು ಸೀಟಿ ಹೊಡೆದಿತ್ತು.