ತಂದೆಗೆ 'ನೀ', ಅಜ್ಜಿಗೆ 'ನೀವು'

ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ಸಂಸಾರ ಹೂಡಿದ ಧಾರವಾಡದವನ ಪಾಡು ಕೇಳಿರಿ. ಅಲ್ಲಿ ಎಂಬತ್ತೆಂದರೆ 'ನಾಲ್ಕು ಇಪ್ಪತ್ತು', ತೊಂಬತ್ತೆಂದರೆ 'ನಾಲ್ಕು ಇಪ್ಪತ್ತು ಹತ್ತು'. ಕಾಯಿಪಲ್ಲೆಯ ಬೆಲೆ ಕೇಳಿದೊಡನೆ ಮಡದಿ ಬೆರಳು ಮಡಿಸತೊಡಗುತ್ತಾಳೆ. ಅದಿರಲಿ. ಫ್ರೆಂಚಿನಲ್ಲಿ 'ತು' ಎಂದರೆ ನೀನು, 'ವೂ' ಎಂದರೆ ನೀವು. ನಮ್ಮಂತೆಯೇ ಎಂದು ಹಿಗ್ಗಿದೆ. ಆದರೆ ಅಲ್ಲಿಯ ಮಕ್ಕಳಿಗೆ ತಂದೆಯೂ 'ತು'! ಶಾಲೆ ಸೇರಿದ ಮಗಳು ಒಂದು ಸಂಜೆ ಕನ್ನಡದಲ್ಲಿಯೇ, "ಅಪ್ಪಾ, ನೀ ಯಾವಾಗ ಬಂದಿ?" ಎಂದಳು. ತೀರ್ಥರೂಪರನ್ನು ಬಹುವಚನದಲ್ಲಿಯೇ ಮಾತನಾಡಿಸಿ ಬೆಳೆದ ನಾನು ದೂರವಾಣಿಯಲ್ಲಿ ಅವ್ವನಿಗೆ ದೂರಿತ್ತೆ.

"ಬಸವಣ್ಣನವರು ಕೂಡಲಸಂಗಮದೇವಗ ನೀನು ಅಂದಾರ, ನೀ ಅವನಕಿಂತ ದೊಡ್ಡಾಂವೇನು?" ಎಂದಳು.

ಆದರೆ ಬಳಕೆ ಕಡಿಮೆಯಿದ್ದ ಹಿರಿಯರಿಗೆ 'ವೂ' ಎನ್ನಬೇಕೆಂಬ ಶಾಲೆಯ ಪಾಠವನ್ನು ಮಗಳು ಮರೆತಿಲ್ಲ. ಎರಡು ವರ್ಷಕ್ಕೊಮ್ಮೆ ಕಾಣುವ ಅಜ್ಜಿಗೆ ಅವಳು 'ನೀವು' ಎನ್ನುತ್ತಾಳೆ. ಅವ್ವನಿಗೆ ಇರುವ ಬೇಸರ ಅದೊಂದೇ.